ಎಂಟೋ, ಹತ್ತೋ? ಬೈನಾಕ್ಯುಲರ್ ಕೊಳ್ಳುವ ಮೊದಲು ಫೋಕಸ್ಸಿನ ಆಳ ನೋಡಿ

ಮುಂಬೈಯ ಶಿವಡಿಯ ಕೆಸರುಬಯಲಿಗೆ ರಾಜಹಂಸಗಳು ಬಂದಿಳಿದ ಸುದ್ದಿ ಪೇಪರಿನಲ್ಲಿ ಬಂತೆಂದರೆ ಆ ವಾರ ನನ್ನ ಫೋನಿಗೆ ಬಿಡುವಿಲ್ಲ. ಈ ಸಲ ಮೂರು ಊರಿನವರು ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಮಾತುಂಗದಲ್ಲಿರುವ ನಮ್ಮ ಸೋದರಮಾವ, ಬ್ಯಾಂಕಿನಿಂದ ನಿವೃತ್ತರಾಗಿ ಏಳು ವರ್ಷವಾಯಿತು. ಇನ್ನೊಬ್ಬಳು ಪುಣೆಯಲ್ಲಿ ಓದುತ್ತಿರುವ ಗೆಳೆಯರ ಮಗಳು. ಭಾನುವಾರ ಬೆಳಗಾಯಿತೆಂದರೆ ಸಿಂಹಗಡದ ಕಣಿವೆಯಲ್ಲಿರುತ್ತಾಳೆ. ಮತ್ತೆ ವಾಸ್ಕೋದಲ್ಲಿ ಮನೆ ಮಾಡಿರುವ ಧಾರವಾಡದ ದಂಪತಿ, ಮಾಂಡವಿ ನದಿಯಲ್ಲಿ ದೋಣಿ ಹತ್ತಿ ಹಕ್ಕಿ ನೋಡುವವರು. 8×42 ಕೊಳ್ಳುವುದೋ, 10×42 ಕೊಳ್ಳುವುದೋ?

“ಎಂಟೋ ಹತ್ತೋ, ಒಂದು ಹೇಳಿಬಿಡು ಮಾರಾಯಾ” ಎಂದರು ಮಾವ.

“ಮಾವ, ನೀವು ಹಕ್ಕಿ ನೋಡೋದು ಎಲ್ಲಿ, ಕನ್ನಡಕದ ನಂಬರ್ ಎಷ್ಟು, ಅದು ಹೇಳಿ ಮೊದಲು” ಎಂದೆ.

ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಪವರ್ ಎಷ್ಟು, ಬೆಲೆ ಎಷ್ಟು, ಅಲ್ಲಿಗೆ ಮಾತು ಮುಗಿಯಿತು. 8×42 ಎಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಮಸೂರದ ಅಗಲ 42 ಮಿಲಿಮೀಟರ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಪವರ್ ಏರಿದಂತೆ ಕೈಬಿಟ್ಟುಹೋಗುವ ಒಂದು ಸಂಗತಿ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲ, ಅದೇ ಫೋಕಸ್ಸಿನ ಆಳ.

ಫೋಕಸ್ ಚಕ್ರವನ್ನು ಒಂದು ಕಡೆ ನಿಲ್ಲಿಸಿ ಬೆರಳು ತೆಗೆಯಿರಿ. ಈಗ ಮುಂದೆ ಎಲ್ಲಿಂದ ಹಿಂದೆ ಎಲ್ಲಿಯವರೆಗೆ ಎಲ್ಲವೂ ಚೊಕ್ಕವಾಗಿ ಕಾಣುತ್ತದೋ ಆ ಹರವೇ ಡೆಪ್ತ್ ಆಫ್ ಫೀಲ್ಡ್. ಕ್ಯಾಮೆರಾ ಹಿಡಿದವರು ಬರೀ ‘ಡೆಪ್ತ್’ ಎನ್ನುತ್ತಾರೆ. ಬಯಲಲ್ಲಿ ಕೂತ ಕೊಕ್ಕರೆ ನೋಡುವಾಗ ಇದರ ನೆನಪೇ ಬರುವುದಿಲ್ಲ. ಕಾಡಿಗೆ ಕಾಲಿಟ್ಟ ಮೊದಲ ಹತ್ತು ನಿಮಿಷದಲ್ಲಿ ಬರುತ್ತದೆ.

ನನಗೆ ಬಂದದ್ದು ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಶಿಲೋಂಡಾ ಹಾದಿಯಲ್ಲಿ. ದೊಡ್ಡ ಅಂಕಿ ಒಳ್ಳೆಯದೆಂದು ಹೊಸ 10×42 ಕೊಂಡು ಕೊರಳಿಗೆ ಹಾಕಿಕೊಂಡು ಹೋಗಿದ್ದೆ. ಬಿದಿರ ಮೆಳೆಯೊಳಗೆ ಬಾಲದಂಡೆ ಹಕ್ಕಿ, ಬಿಳಿಯ ಗಂಡು, ರಿಬ್ಬನ್ನಿನಂತಹ ಬಾಲ. ದುರ್ಬೀನು ಎತ್ತಿದೆ. ಕಂಡದ್ದು ಒಂದು ಬಿದಿರ ಎಲೆ, ಅದರ ಅಂಚಿನ ಸುಂಕು ಎಣಿಸುವಷ್ಟು ಸ್ಪಷ್ಟ. ಹಿಂದೆ ಬಿಳಿಯ ಮಸುಕೊಂದು ಅಲ್ಲಾಡುತ್ತಿತ್ತು. ಚಕ್ರ ತಿರುಗಿಸಿದೆ. ಎಲೆ ಕರಗಿತು, ಹಕ್ಕಿ ಮೂಡಿತು, ಮೂಡುವಷ್ಟರಲ್ಲಿ ಎರಡು ಮೀಟರ್ ಈಚೆಗೆ ಹಾರಿ ಬಂತು. ಮತ್ತೆ ಮಸುಕು. ಐದಾರು ಸಲ ಹೀಗೇ ಆಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ಹಳೆಯ 7×35 ನನ್ನ ಕೈಗಿಟ್ಟರು. ಹಕ್ಕಿ ಕೊಂಚ ಚಿಕ್ಕದಾಗಿ ಕಂಡಿತು, ನಿಜ. ಆದರೆ ಅದು ಹಿಂದೆ ಮುಂದೆ ಹಾರಿ ಹುಳ ಹಿಡಿಯುವುದನ್ನೆಲ್ಲ ಚಕ್ರ ಮುಟ್ಟದೆ ನೋಡಿದೆ. ಮನೆಗೆ ಬಂದಮೇಲೆ ಇದರ ಹಿಂದಿನ ಲೆಕ್ಕ ಹುಡುಕಿ ಓದಿದೆ.

ಆರಿಸುವ ಮುನ್ನ ಕೇಳಿಕೊಳ್ಳಬೇಕಾದವು

ನೀವು ನೋಡುವ ಹಕ್ಕಿ ಒಂದೇ ದೂರದಲ್ಲಿ ಕೂತಿರುತ್ತದೋ, ಹತ್ತಿರ ಹತ್ತಿರದಲ್ಲೇ ಜಾಗ ಬದಲಿಸುತ್ತದೋ? ಇದು ಮೊದಲನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ನಿಮ್ಮ ಕಣ್ಣಿಗೆ ಎಷ್ಟು ವಯಸ್ಸು? ಇದು ಎರಡನೆಯದು. ನಿಂತು ನೋಡುತ್ತೀರೋ, ದೋಣಿಯಲ್ಲಿ ಕೂತೋ? ಕೈ ನಡುಕ ಎಷ್ಟು? ಮುಂಜಾವಿನ ಮಬ್ಬಿನಲ್ಲಿ, ಮರಗಳ ಅಡಿಯಲ್ಲಿ ಎಷ್ಟು ಹೊತ್ತು ಕಳೆಯುತ್ತೀರಿ? ಕೊನೆಯದು ಜೇಬು ಮತ್ತು ಕೊರಳು: ಎಷ್ಟು ರೂಪಾಯಿ, ಎಷ್ಟು ಗ್ರಾಂ. ಅಂಗಡಿಯವರು ಕೊನೆಯದರಿಂದ ಶುರುಮಾಡುತ್ತಾರೆ. ನೀವು ಮೊದಲನೆಯದರಿಂದ ಶುರುಮಾಡಿ.

ವರ್ಗದ ಲೆಕ್ಕ

ಎಂಟಕ್ಕೂ ಹತ್ತಕ್ಕೂ ಎರಡೇ ವ್ಯತ್ಯಾಸ ಎಂದು ಮನಸ್ಸು ಹೇಳುತ್ತದೆ. ಫೋಕಸ್ಸಿನ ಆಳದ ವಿಷಯದಲ್ಲಿ ಹಾಗಲ್ಲ. ತೀರಾ ದೂರದ ವಸ್ತುವಿನ ಬೆಳಕು ಕಣ್ಣಿಗೆ ನೇರವಾಗಿ ಬರುತ್ತದೆ, ಹತ್ತಿರದ್ದು ಹರಡಿಕೊಂಡು ಬರುತ್ತದೆ. ಆ ಹರಡಿಕೆಯನ್ನು ಬೈನಾಕ್ಯುಲರ್ ತನ್ನ ಪವರಿನ ವರ್ಗದಷ್ಟು ಹಿಗ್ಗಿಸಿ ಕಣ್ಣಿಗೆ ಕೊಡುತ್ತದೆ. 8ಕ್ಕೆ 64 ಪಟ್ಟು, 10ಕ್ಕೆ 100 ಪಟ್ಟು. ಅಂದರೆ ಹತ್ತರಲ್ಲಿ ಕಣ್ಣಿನ ಮೇಲೆ ಬೀಳುವ ಹೊರೆ ಎಂಟರದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಏಳಕ್ಕೆ ಹೋಲಿಸಿದರೆ ಎರಡು ಪಟ್ಟು.

ಇದನ್ನು ಓದುವ ಭಾಷೆಗೆ ತಂದರೆ ಬೇಗ ತಿಳಿಯುತ್ತದೆ. ಚಕ್ರವನ್ನು ದೂರದ ಬೆಟ್ಟಕ್ಕೆ ಕೂರಿಸಿ, ಅದನ್ನು ಮುಟ್ಟದೆ 32 ಮೀಟರ್ ದೂರದ ಹಕ್ಕಿಯನ್ನು ನೋಡಿ. 8ರ ಬೈನಾಕ್ಯುಲರಿನಲ್ಲಿ ನಿಮ್ಮ ಕಣ್ಣು ಅರ್ಧ ಮೀಟರ್ ದೂರ ಹಿಡಿದ ಪೇಪರು ಓದುವಷ್ಟು ಶ್ರಮಪಡಬೇಕು. 10ರಲ್ಲಿ ಅದೇ ಪೇಪರನ್ನು 32 ಸೆಂಟಿಮೀಟರಿಗೆ ತಂದಂತೆ. ತೋಳು ಚಾಚಿ ಪೇಪರು ಓದುವ ವಯಸ್ಸಿಗೆ ಬಂದವರಿಗೆ ಈ ವ್ಯತ್ಯಾಸ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಅರ್ಧ ಮೀಟರಿನ ಅಕ್ಷರವನ್ನು ಆರಾಮವಾಗಿ ಓದಬಲ್ಲ ಕಣ್ಣು ಎಂದಿಟ್ಟುಕೊಳ್ಳೋಣ. ಚಕ್ರ ತೀರಾ ದೂರಕ್ಕೆ ಕೂತಿದ್ದಾಗ ಆ ಕಣ್ಣಿಗೆ 6ರಲ್ಲಿ ಸುಮಾರು 18 ಮೀಟರಿನಿಂದ ಆಚೆಗೆಲ್ಲ ಸ್ಪಷ್ಟ. 7ರಲ್ಲಿ 25 ಮೀಟರಿನಿಂದ, 8ರಲ್ಲಿ 32ರಿಂದ, 10ರಲ್ಲಿ 50ರಿಂದ, 12ರಲ್ಲಿ 72ರಿಂದ. ಕಾಡಿನಲ್ಲಿ 18ಕ್ಕೂ 50ಕ್ಕೂ ನಡುವೆ ಇರುವ ಜಾಗದಲ್ಲೇ ಅರ್ಧ ಹಕ್ಕಿಗಳು ಸಿಗುವುದು.

ಇನ್ನೂ ಹತ್ತಿರದ ಲೆಕ್ಕ ನೋಡಿ. ಹಕ್ಕಿ 10 ಮೀಟರಿನಲ್ಲಿದೆ, ಅದಕ್ಕೆ ಚಕ್ರ ಕೂರಿಸಿದ್ದೀರಿ. ಅಲ್ಲಿಂದ ಅದು ನಿಮ್ಮ ಕಡೆಗೆ ಎಷ್ಟು ಮೀಟರ್ ಸರಿದು ಬಂದರೂ ಮಸುಕಾಗುವುದಿಲ್ಲ? 6ರಲ್ಲಿ ಸುಮಾರು ಮೂರೂವರೆ ಮೀಟರ್, 8ರಲ್ಲಿ ಎರಡೂವರೆಗೆ ಕೊಂಚ ಕಡಿಮೆ, 10ರಲ್ಲಿ ಒಂದೂಮುಕ್ಕಾಲಿಗೂ ಕಡಿಮೆ. ಎರಡು ಮೀಟರ್ ಈಚೆಗೆ ಹಾರಿದ ನನ್ನ ಬಾಲದಂಡೆ ಜಾರಿಹೋದದ್ದು ಈ ಸಂದಿಯಲ್ಲಿ. ಚಿಟ್ಟೆ ನೋಡುವವರು ಎರಡು ಮೀಟರಿನಲ್ಲಿ ನಿಂತರೆ ಆಳ ಅಂಗೈ ಅಗಲಕ್ಕೆ ಇಳಿಯುತ್ತದೆ. ಅಲ್ಲಿ ಯಾವ ಪವರಾದರೂ ಚಕ್ರ ತಿರುಗಿಸುತ್ತಲೇ ಇರಬೇಕು.

ಚಾಳೀಸು ಬಂದ ಕಣ್ಣು

ಮೇಲಿನ ಅಂಕಿಗಳೆಲ್ಲ ಒಂದು ಕಣ್ಣಿನವು. ನಿಮ್ಮದು ಬೇರೆ ಇರಬಹುದು. ಹೋದ ತಿಂಗಳು ನಮ್ಮ ಸೊಸೈಟಿಯ ಟೆರೇಸಿನಲ್ಲಿ ಒಂದು ಪರೀಕ್ಷೆ ಮಾಡಿದೆವು. ನಮ್ಮದೇ ಕಟ್ಟಡದ ಕಪ್ಪು ನೀರಿನ ಟ್ಯಾಂಕು ಹನ್ನೆರಡು ಮೀಟರಿನಲ್ಲಿ, ಪಕ್ಕದ ವಿಂಗಿನದು ಮೂವತ್ತರಲ್ಲಿ, ಅದರಾಚೆಯ ಕಟ್ಟಡದ್ದು ಸುಮಾರು ಎಂಬತ್ತರಲ್ಲಿ. ಮೂರರ ಮೇಲೂ ಬಿಳಿ ಪೇಂಟಿನಲ್ಲಿ ಫ್ಲ್ಯಾಟ್ ನಂಬರ್ ಬರೆದಿದೆ. ಒಂದೇ 8×42 ತೆಗೆದುಕೊಂಡು ಒಬ್ಬೊಬ್ಬರೂ ತಮ್ಮ ಕಣ್ಣಿಗೆ ಮೂರನೆಯ ಟ್ಯಾಂಕಿಗೆ ಫೋಕಸ್ ಮಾಡಿ, ಬೆರಳು ತೆಗೆದು, ಮೂರನ್ನೂ ಓದಬೇಕು.

ಹತ್ತೊಂಬತ್ತರ ನನ್ನ ಮಗಳು ಮೂರನ್ನೂ ಓದಿದಳು. “ಅಪ್ಪಾ, ಈ ಚಕ್ರ ಯಾಕೆ ಇಟ್ಟಿದ್ದಾರೆ?” ಎಂದು ಕೇಳಿದಳು. ನನಗೆ ಐವತ್ತೊಂದು. ದೂರದ್ದು ಸ್ಪಷ್ಟ, ನಡುವಿನದನ್ನು ಕಷ್ಟಪಟ್ಟು ಓದಿದೆ, ಹತ್ತಿರದ್ದು ಬರೀ ಬಿಳಿ ಗೀರು. ಅರವತ್ತೇಳರ ಮಾವನಿಗೆ ದೂರದ ಟ್ಯಾಂಕು ಬಿಟ್ಟರೆ ಬೇರೆ ಸಿಗಲಿಲ್ಲ.

ಎಳೆಯ ಕಣ್ಣಿನ ಮಸೂರ ತಾನೇ ಉಬ್ಬಿ ಹತ್ತಿರಕ್ಕೆ ಹೊಂದಿಕೊಳ್ಳುತ್ತದೆ. ನಲವತ್ತು ದಾಟಿದಮೇಲೆ ಅದು ಬಿರುಸಾಗುತ್ತದೆ, ಅದಕ್ಕೇ ಓದುವ ಕನ್ನಡಕಕ್ಕೆ ನಾವು ಚಾಳೀಸು ಎನ್ನುವುದು. ಇಪ್ಪತ್ತರಲ್ಲಿ ಸುಮಾರು 10 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆಯೇ ಇದು) ಇದ್ದ ಈ ಶಕ್ತಿ ಅರವತ್ತರ ಹೊತ್ತಿಗೆ 1ರ ಆಸುಪಾಸಿಗೆ ಇಳಿದಿರುತ್ತದೆ. ಒಂದೇ ಡಯಾಪ್ಟರ್ ಉಳಿದ ಕಣ್ಣಿಗೆ 8ರಲ್ಲಿ 64 ಮೀಟರಿನಿಂದ ಆಚೆ, 10ರಲ್ಲಿ 100 ಮೀಟರಿನಿಂದ ಆಚೆ ಮಾತ್ರ ಚಕ್ರವಿಲ್ಲದೆ ಸ್ಪಷ್ಟ. ಕ್ಯಾಟರ‍್ಯಾಕ್ಟ್ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಹಾಕುವ ಮಸೂರವಂತೂ ಹೊಂದಿಕೊಳ್ಳುವುದೇ ಇಲ್ಲ. ಹಾಗಾಗಿ ಇಪ್ಪತ್ತೈದರ ಹುಡುಗ “10ರಲ್ಲಿ ಏನೂ ತೊಂದರೆ ಇಲ್ಲ ಅಂಕಲ್” ಎಂದರೆ ಅವನು ಸುಳ್ಳು ಹೇಳುತ್ತಿಲ್ಲ. ಅವನ ಕಣ್ಣಿಗೆ ತೊಂದರೆ ಇಲ್ಲ, ಅಷ್ಟೇ.

ಆಳವನ್ನು ಬದಲಿಸದ ಸಂಗತಿಗಳು

ಮುಂದಿನ ಮಸೂರ ದೊಡ್ಡದಾದರೆ ಆಳ ಕಡಿಮೆಯಾಗುತ್ತದೆ ಎಂದು ಫೋಟೋಗ್ರಫಿ ಬಲ್ಲವರು ಊಹಿಸುತ್ತಾರೆ. ಕ್ಯಾಮೆರಾದಲ್ಲಿ ಹೌದು. ಬೈನಾಕ್ಯುಲರಿನಿಂದ ಹೊರಬರುವ ಬೆಳಕಿನ ಕಂಬದ ಅಗಲ ತಿಳಿಯಲು 42ನ್ನು 8ರಿಂದ ಭಾಗಿಸಿ: 5.25 ಮಿಲಿಮೀಟರ್. 8×32ರಲ್ಲಿ 4. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು, ಮೂರು ಮಿಲಿಮೀಟರಿಗಿಂತ ಹೆಚ್ಚು ತೆರೆಯುವುದಿಲ್ಲ. ಎರಡರಲ್ಲೂ ಒಳಗೆ ಹೋಗುವುದು ಪಾಪೆ ಬಿಟ್ಟಷ್ಟೇ. ಆದ್ದರಿಂದ ಹಗಲಲ್ಲಿ 8×32ಕ್ಕೂ 8×42ಕ್ಕೂ ಆಳ ಒಂದೇ. 42ರ ಲಾಭ ಮಬ್ಬಿನಲ್ಲಿ, ಪಾಪೆ ಅಗಲವಾದಾಗ.

ಬೆಲೆಯೂ ಆಳ ಕೊಡುವುದಿಲ್ಲ. ಎರಡು ಲಕ್ಷದ 10ಕ್ಕೂ ಹತ್ತು ಸಾವಿರದ 10ಕ್ಕೂ ಇದೊಂದು ವಿಷಯದಲ್ಲಿ ಭೇದವಿಲ್ಲ; ಹೊಳಪು, ಬಣ್ಣ, ಅಂಚಿನವರೆಗಿನ ಸ್ಪಷ್ಟತೆಯಲ್ಲಿ ಭೇದ ಬೇಕಾದಷ್ಟಿದೆ. ಕ್ಯಾನನ್ ಕಂಪನಿಯ ಐಎಸ್ ಬೈನಾಕ್ಯುಲರುಗಳಲ್ಲಿ ಬಟನ್ ಒತ್ತಿದರೆ ಚಿತ್ರದ ನಡುಕ ನಿಲ್ಲುತ್ತದೆ, ಅದು ದೊಡ್ಡ ಉಪಕಾರವೇ. ಆಳ ಮಾತ್ರ ಪವರಿಗೆ ತಕ್ಕಷ್ಟೇ. ಹಳೆಯ ಮಾದರಿಯ, ಭುಜ ಅಗಲವಾದ ಪೊರ‍್ರೋ ಬೈನಾಕ್ಯುಲರಿನಲ್ಲಿ ಆಳ ಹೆಚ್ಚು ಎನ್ನುವ ಮಾತೂ ಇದೆ. ಅಲ್ಲಿ ಹೆಚ್ಚುವುದು ಬೇರೆ ಗುಣ: ಮುಂದಿನ ಎರಡು ಮಸೂರಗಳು ದೂರ ದೂರ ಇರುವುದರಿಂದ ಯಾವುದು ಮುಂದೆ ಯಾವುದು ಹಿಂದೆ ಎನ್ನುವುದು ಎದ್ದು ಕಾಣುತ್ತದೆ. ಫೋಕಸ್ಸಿನ ಹರವು ಅಷ್ಟೇ ಇರುತ್ತದೆ.

ಕೈಗೆ ಮೋಸ ಮಾಡುವುದು ಚಕ್ರದ ವೇಗ. ಕೆಲವದರಲ್ಲಿ ಅರ್ಧ ಸುತ್ತಿನಲ್ಲಿ ಎರಡು ಮೀಟರಿನಿಂದ ದಿಗಂತಕ್ಕೆ ಹೋಗಿಬಿಡುತ್ತದೆ. ಬೆರಳು ಕೂದಲೆಳೆಯಷ್ಟು ಸರಿದರೂ ಫೋಕಸ್ ತಪ್ಪುತ್ತದೆ, ಆಗ ಆಳವೇ ಇಲ್ಲವೆನಿಸುತ್ತದೆ. ನಿಧಾನದ ಚಕ್ರ ಹೆಚ್ಚು ಆಳದ ಭಾವನೆ ಕೊಡುತ್ತದೆ, ಆದರೆ ಹತ್ತಿರದಿಂದ ದೂರಕ್ಕೆ ಹೋಗಲು ಹೊತ್ತು ಹಿಡಿಯುತ್ತದೆ. ನಾನು ನಡುವಿನದನ್ನು, ಒಂದು ಸುತ್ತಿನ ಆಸುಪಾಸಿನದನ್ನು ಆರಿಸುತ್ತೇನೆ.

ಚಕ್ರವೇ ಇಲ್ಲದ, ‘ಫೋಕಸ್ ಬೇಕಿಲ್ಲ’ ಎಂದು ಬರೆದ ಬೈನಾಕ್ಯುಲರುಗಳು ಪೂರ್ತಿ ಕಣ್ಣಿನ ಶಕ್ತಿಯ ಮೇಲೇ ನಿಂತಿರುತ್ತವೆ. ಸ್ಟೇಡಿಯಮ್ಮಿನಲ್ಲಿ ಎಳೆಯರಿಗೆ ನಡೆಯುತ್ತದೆ. ಹಕ್ಕಿಗೆ ಬೇಡ, ನಲವತ್ತು ದಾಟಿದವರಿಗೆ ತಲೆನೋವು ಖಾತ್ರಿ.

ಆಯ್ಕೆಗಳು, ಒಂದೊಂದಾಗಿ

6 ಮತ್ತು 7. ಆಳದಲ್ಲಿ ಇವಕ್ಕೆ ಎದುರಿಲ್ಲ. ಕೈ ನಡುಗಿದರೂ ಚಿತ್ರ ನಿಲ್ಲುತ್ತದೆ, ನೋಟದ ಅಗಲ ಹೆಚ್ಚು, ಹಾರುವ ಹಕ್ಕಿ ಬೇಗ ಸಿಗುತ್ತದೆ. ತೊಂದರೆ ಎರಡು. ಅಂಗಡಿಯಲ್ಲಿ ಸಿಗುವ ಮಾದರಿಗಳು ಬೆರಳೆಣಿಕೆ: ಕೋವಾ ಕಂಪನಿಯ 6×30, ನಿಕಾನ್ ಆಕ್ಯುಲಾನ್ ಸಾಲಿನ 7×35, ಇಂಥವನ್ನು ಹುಡುಕಿ ತರಿಸಬೇಕು. ಎರಡನೆಯದು, ನೂರು ಮೀಟರ್ ಆಚೆಯ ಉಲ್ಲಂಕಿಯ ಕಾಲಿನ ಬಣ್ಣ ಹಸಿರೋ ಹಳದಿಯೋ ಎಂದು ತೀರ್ಮಾನಿಸಲು ಇವು ಸಾಲವು. ಕರ್ನಾಳಾ, ಬೊಂಡ್ಲಾದಂತಹ ಕಾಡಿನಲ್ಲೇ ಹೆಚ್ಚು ಓಡಾಡುವ, ಐವತ್ತು ದಾಟಿದವರಿಗೆ ನಾನು ಕಣ್ಣು ಮುಚ್ಚಿ ಇವನ್ನು ಹೇಳುತ್ತೇನೆ. 7×50 ನಾವಿಕರದು, ಒಂದು ಕಿಲೋ ಹತ್ತಿರ ತೂಗುತ್ತದೆ. ಅನೇಕ ಮಾದರಿಗಳಲ್ಲಿ ಒಂದೊಂದು ಕಣ್ಣಿಗೂ ಬೇರೆ ಫೋಕಸ್. ಸಮುದ್ರದಲ್ಲಿ ಎಲ್ಲವೂ ದೂರವಿರುವುದರಿಂದ ಅಲ್ಲಿ ನಡೆಯುತ್ತದೆ.

8. ಕಾಡು, ಕೆರೆ, ಬಯಲು ಮೂರಕ್ಕೂ ಒಂದೇ ಸಾಕು ಎನ್ನುವವರ ಜಾಗ ಇದು. ಉಜನಿ ಹಿನ್ನೀರಿನ ಭಿಗವಣಕ್ಕೆ ಹೋದವರಿಗೆ ಗೊತ್ತು: ಕುಂಭಾರಗಾಂವದಲ್ಲಿ ದೋಣಿ ಹತ್ತಿದರೆ ರಾಜಹಂಸಗಳು ಐವತ್ತು ಮೀಟರಿನಲ್ಲಿ, ಪಕ್ಕದ ಮುಳುಗಿದ ಕೊಂಬೆಯ ಮೇಲೆ ಮಿಂಚುಳ್ಳಿ ಹದಿನೈದರಲ್ಲಿ. (ಆ ಹಿನ್ನೀರು ನಮ್ಮ ಭೀಮೆಯದು, ಇದೇ ನೀರು ಮುಂದೆ ಕಲಬುರಗಿ, ಯಾದಗಿರಿಯ ಕಡೆ ಹರಿಯುವುದೆಂದು ನೆನೆದರೆ ದೋಣಿಯಲ್ಲಿ ಕೂತಾಗ ಹಿತವೆನಿಸುತ್ತದೆ.) ದೋಣಿ ತೂಗುವಾಗ 8 ಹಿಡಿಯಬಹುದು, 10 ಕಷ್ಟ. 32ರದ್ದು ಐನೂರು ಗ್ರಾಮಿನ ಆಸುಪಾಸು, 42ರದ್ದು ಆರುನೂರೈವತ್ತು, ಏಳುನೂರು. ಮುಂಜಾವಿನ ಕಾಡಿಗೆ 42, ಇಡೀ ದಿನದ ನಡಿಗೆಗೆ 32.

10. ಇದನ್ನು ತೆಗಳುವ ಉದ್ದೇಶ ನನಗಿಲ್ಲ. ಶಿವಡಿಯ ಜೆಟ್ಟಿಯಲ್ಲಿ ನಿಂತರೆ ಎದುರಿಗೆ ಅಟಲ್ ಸೇತುವೆ, ಕೆಳಗೆ ಕೆಸರು. ಇಳಿತದಲ್ಲಿ ನೀರಿನ ಜೊತೆ ಹಕ್ಕಿಗಳೂ ದೂರ ಸರಿಯುತ್ತವೆ. ಇನ್ನೂರು ಮೀಟರಿನವೂ ನಾನೂರರವೂ ಒಟ್ಟಿಗೇ ಸ್ಪಷ್ಟ. ಆಳದ ಪ್ರಶ್ನೆಯೇ ಏಳುವುದಿಲ್ಲ. ದೊಡ್ಡ ರಾಜಹಂಸ ಯಾವುದು, ಕಿರಿಯದು ಯಾವುದು, ಕೊಕ್ಕಿನ ಬಣ್ಣ ನೋಡಿ ಬೇರ್ಪಡಿಸಲು ಅಲ್ಲಿ 10 ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಸಾಸ್ವಡದ ಹುಲ್ಲುಗಾವಲಿನ ಸೆಳೆವ, ಗಿಡುಗಗಳಿಗೂ ಅಷ್ಟೇ. ಬಿಸಿಲೇರಿದಮೇಲೆ ಕೆಸರಿನಿಂದೇಳುವ ಕಾವಿಗೆ ಚಿತ್ರ ಕುದಿಯತೊಡಗುತ್ತದೆ, ಆಗ ಹೆಚ್ಚಿನ ಪವರಿನಿಂದ ಹೆಚ್ಚಿನ ವಿವರ ಬರುವುದಿಲ್ಲ. ಉಬ್ಬರದ ಹೊತ್ತು ನೋಡಿಕೊಂಡು ಹೋಗುವವರಿಗೆ ಹಕ್ಕಿ ತಾನೇ ಹತ್ತಿರ ಬರುವುದರಿಂದ ಅಲ್ಲೂ 8 ಸಾಕಾಗುತ್ತದೆ.

12 ಮತ್ತು ಅದರ ಮೇಲಿನವು ಸ್ಟ್ಯಾಂಡ್ ಇಟ್ಟುಕೊಂಡು ಒಂದೇ ಕಡೆ ಕೂರುವವರಿಗೆ. ಜೂಮ್ ಮಾದರಿಗಳಲ್ಲಿ ಜೂಮ್ ಏರಿಸಿದಂತೆ ಆಳವೂ ಬೆಳಕೂ ನೋಟದ ಅಗಲವೂ ಕುಗ್ಗುತ್ತವೆ. ನನ್ನ ಮಾತು ಕೇಳುವುದಾದರೆ ಬಿಟ್ಟುಬಿಡಿ.

ಯಾರಿಗೆ ಯಾವುದು

ಪುಣೆಯ ಹುಡುಗಿಗೆ ಹತ್ತು ಸಾವಿರದೊಳಗೆ ಬೇಕು. ಅವಳ ಕಣ್ಣು ಎಳೆಯದು, ಆಳದ ಕೊರತೆಯನ್ನು ಕಣ್ಣೇ ತುಂಬಿಕೊಡುತ್ತದೆ, 10 ಕೊಂಡರೂ ಅವಳಿಗೆ ನಡೆದೀತು. ಆದರೂ 8 ಎಂದೆ, ಕಾರಣ ಬೇರೆ. ಈ ಬೆಲೆಯಲ್ಲಿ 10ರ ಚಿತ್ರ ಅಂಚಿನಲ್ಲಿ ಕೆಡುವುದು ಹೆಚ್ಚು, ನೋಟವೂ ಕಿರಿದು; ಸಿಂಹಗಡದ ಪೊದೆಗಳಲ್ಲಿ ನೀಲಿ ನೊಣಹಿಡುಕ ಕೊಂಬೆಯಿಂದ ಕೊಂಬೆಗೆ ಹೋಗುವಾಗ ಅಗಲ ಬೇಕು. ಐದಾರು ಸಾವಿರದಿಂದ ಹತ್ತರೊಳಗೆ ಪೊರ‍್ರೋ ಮಾದರಿಯ 8×40, 8×42 ಸಿಗುತ್ತವೆ. ಈ ಬೆಲೆಗೆ ಒಳ್ಳೆಯ ಚಿತ್ರ ಕೊಡುವುದು ಅವೇ. ಮಳೆಗೆ ಮಾತ್ರ ತೆರೆಯಬಾರದು.

ವಾಸ್ಕೋದವರಿಗೆ ನೀರು ನಿರೋಧಕ, ಒಳಗೆ ನೈಟ್ರೋಜನ್ ತುಂಬಿದ್ದು ಕಡ್ಡಾಯ. ಗೋವೆಯ ಮಳೆಗಾಲದಲ್ಲಿ ಮುಚ್ಚಿಟ್ಟ ಮಸೂರದ ಒಳಗೆ ಬೂಸ್ಟು ಹಿಡಿಯುತ್ತದೆ, ಹಿಡಿದಮೇಲೆ ರಿಪೇರಿ ಸುಲಭವಲ್ಲ. ರಿಬಂದರಿನಿಂದ ಫೆರಿ ದಾಟಿ ಚೊರಾಂವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮಕ್ಕೆ ಹೋದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರಿದಾದ ಕಾಲುವೆ, ಹಕ್ಕಿಗಳು ಹತ್ತರಿಂದ ಇಪ್ಪತ್ತು ಮೀಟರಿನಲ್ಲಿ, ಕೆಳಗೆ ತೂಗುವ ದೋಣಿ. ಅವರಿಗೆ 8×32 ಎಂದೆ. ಇಂಥದ್ದಕ್ಕೆ ಸುಮಾರು ಹದಿನೈದರಿಂದ ಮೂವತ್ತು ಸಾವಿರ ಎತ್ತಿಡಬೇಕು. ಜೊತೆಗೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ.

ಮಾವನದೇ ಕಷ್ಟದ್ದು. ಶಿವಡಿಯೂ ಬೇಕು, ಮೊಮ್ಮಗನ ಜೊತೆ ಬೊರಿವಲಿಯ ಕಾಡೂ ಬೇಕು. ಶಿವಡಿ 10 ಎನ್ನುತ್ತದೆ, ಕಣ್ಣು 7 ಎನ್ನುತ್ತದೆ. ವರ್ಷಕ್ಕೆ ಎಷ್ಟು ಸಲ ಎಲ್ಲಿಗೆ ಹೋಗುತ್ತೀರಿ ಎಂದು ಎಣಿಸಲು ಹೇಳಿದೆ. ಶಿವಡಿಗೆ ಮೂರು, ಕಾಡಿಗೆ ಹದಿನೈದು ಎಂದು ಲೆಕ್ಕ ಬಂತು. 7×35 ಕೊಂಡರು. ಎಣಿಕೆ ತಿರುಗಮುರುಗಾಗಿದ್ದರೆ ನಾನೇ 10×42 ಹೇಳುತ್ತಿದ್ದೆ.

ಅಂಗಡಿಯಲ್ಲಿ

ಫೋರ್ಟಿನ ಬೋರಾ ಬಜಾರಿನಂತಹ ಕ್ಯಾಮೆರಾ ಅಂಗಡಿಗಳ ಬೀದಿಗೆ ಹೋಗುವುದಾದರೆ ಕನ್ನಡಕ ಹಾಕಿಕೊಂಡೇ ಹೋಗಿ. ಕನ್ನಡಕದವರಿಗೆ ಐಪೀಸಿನಿಂದ, ಅಂದರೆ ಕಣ್ಣಿಡುವ ಕಡೆಯ ಮಸೂರದಿಂದ, ಕಣ್ಣಿಗೆ ಕನಿಷ್ಠ 15 ಮಿಲಿಮೀಟರ್ ಅಂತರ ಕೊಡುವ ಮಾದರಿ ಬೇಕು, ಪ್ರೊಗ್ರೆಸಿವ್ ಗಾಜಿನವರು ಮೇಲ್ಭಾಗದಿಂದ ನೋಡಬೇಕು. ಮೊದಲು ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಚಕ್ರದಿಂದ ಫೋಕಸ್ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಐಪೀಸಿನ ಉಂಗುರ ತಿರುಗಿಸಿ ಬಲಗಣ್ಣಿಗೆ ಹೊಂದಿಸಿ. ಇದನ್ನು ಬಿಟ್ಟವರಿಗೆ ಎರಡು ಕಣ್ಣು ಎರಡು ದೂರಕ್ಕೆ ಕೂತಿರುತ್ತವೆ, ಇರುವ ಆಳವೂ ಕೈಗೆ ಸಿಗುವುದಿಲ್ಲ. “ನನ್ನ 8ರಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ” ಎಂದು ತಂದು ತೋರಿಸುವವರಲ್ಲಿ ಅನೇಕರದ್ದು ಈ ಉಂಗುರದ ತೊಂದರೆ.

ನಂತರ ಬೀದಿಗೆ ಬನ್ನಿ. ಸುಮಾರು 15, 30, 60 ಮೀಟರಿನ ಮೂರು ಬೋರ್ಡುಗಳನ್ನು ಗುರುತುಮಾಡಿ. ದೂರದ್ದಕ್ಕೆ ಫೋಕಸ್ ಮಾಡಿ ಬೆರಳು ತೆಗೆದು ಉಳಿದೆರಡನ್ನು ಓದಿ. ಅದೇ ಕಂಪನಿಯ 8 ಮತ್ತು 10 ಎರಡನ್ನೂ ಒಂದಾದಮೇಲೊಂದು ಹಿಡಿದು ಇದನ್ನೇ ಮಾಡಿ. ಆನ್‌ಲೈನಿನಲ್ಲಿ ತರಿಸಿದವರು ವಾಪಸು ಕೊಡುವ ಗಡುವು ಮುಗಿಯುವ ಮುನ್ನ ಟೆರೇಸಿಗೆ ಹತ್ತಿ ನೀರಿನ ಟ್ಯಾಂಕುಗಳ ಮೇಲೆ ಮಾಡಿ, ಬೆಳಗಿನ ಹೊತ್ತು, ಕಣ್ಣು ದಣಿಯುವ ಮೊದಲು ಒಮ್ಮೆ, ಸಂಜೆ ಇನ್ನೊಮ್ಮೆ.